ದಾಖಲಾತಿ ಪುಸ್ತಕದಲ್ಲಿ ಒಂದು ಹೆಸರು

ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಕಡತಗಳ ನಡುವೆ ಬದುಕಿದ ನಮಗೆ ಕಾಗದದ ಬಗ್ಗೆ ಒಂದು ವಿಶ್ವಾಸವೂ ಒಂದು ಭಯವೂ ಒಟ್ಟಿಗೇ ಬೆಳೆದುಬಂದಿವೆ. ಬರೆದಿಟ್ಟದ್ದು ಉಳಿಯುತ್ತದೆ ಎಂಬುದು ವಿಶ್ವಾಸ. ಬರೆದಿಟ್ಟದ್ದು ಉಳಿದೇ ಬಿಡುತ್ತದೆ ಎಂಬುದು ಭಯ. ಈ ಎರಡೂ ಒಂದೇ ಹಾಳೆಯ ಎರಡು ಮಗ್ಗುಲುಗಳೆಂದು ನಮಗೆ ಮನದಟ್ಟಾದದ್ದು ಒಬ್ಬ ಸಹೋದ್ಯೋಗಿಯ ಪ್ರಸಂಗದಿಂದ.

ಅವರು ನಮಗಿಂತ ಹಿರಿಯರು, ಕನ್ನಡದವರು, ಪರಊರಿನ ಕಚೇರಿಯಲ್ಲಿ ನಮಗೆ ಅಣ್ಣನ ಸ್ಥಾನದಲ್ಲಿದ್ದವರು. ಕುಡಿತ ಅವರನ್ನು ಹಿಡಿದುಕೊಂಡಿತ್ತು. ಅವರ ಮನೆಯವರು ಒಂದು ಭಾನುವಾರ ನಮ್ಮ ಮನೆಗೆ ಬಂದು, ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಒಂದು ತಿಂಗಳು ಇರುವಂತೆ ಅವರನ್ನು ಹೇಗಾದರೂ ಒಪ್ಪಿಸಿರೆಂದು ಕೇಳಿಕೊಂಡರು. ನಾವು ಮಾತನಾಡಿದೆವು. ಅವರು ಚಿಕಿತ್ಸೆಯನ್ನು ಹಳಿಯಲಿಲ್ಲ, ತಮಗೆ ಚಟವಿಲ್ಲವೆಂದು ವಾದಿಸಲೂ ಇಲ್ಲ. ಒಂದೇ ಪ್ರಶ್ನೆ ಕೇಳಿದರು: "ರಜೆಯ ಅರ್ಜಿಯ ಜೊತೆ ಇಡೋ ಸರ್ಟಿಫಿಕೇಟಿನಲ್ಲಿ ಏನಂತ ಬರೀತಾರೆ? ಆ ಕಾಗದ ಎಷ್ಟು ಮೇಜು ದಾಟಬೇಕು, ನಿಮಗೆ ಗೊತ್ತಲ್ಲ?" ನಮಗೆ ಗೊತ್ತಿತ್ತು. ಆವಕದ ಗುಮಾಸ್ತರಿಂದ ವಿಭಾಗಾಧಿಕಾರಿಯವರೆಗೆ, ಅಲ್ಲಿಂದ ಲೆಕ್ಕಪತ್ರ ಶಾಖೆಗೆ, ಖರ್ಚಿನ ಮರುಪಾವತಿ ಕೇಳಿದರೆ ಮತ್ತೊಮ್ಮೆ ಅದೇ ದಾರಿಯಲ್ಲಿ. ಊಟದ ಬಿಡುವಿನೊಳಗೆ ಸುದ್ದಿ ಕ್ಯಾಂಟೀನು ಮುಟ್ಟುತ್ತಿತ್ತು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿತು. ವ್ಯಸನದಿಂದ ಬಿಡುಗಡೆ ಬಯಸಿ ಬಂದವನ ಹೆಸರನ್ನು ಬರೆದುಕೊಳ್ಳುವ ಕೈ ಯಾರದು, ಬರೆದ ಹಾಳೆ ಯಾರದು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಓದಿ ತಿಳಿದಷ್ಟನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಕಥೆಯನ್ನು ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಿಂದ ಆರಂಭಿಸಬಹುದು. 1879ರಲ್ಲಿ ಅಲ್ಲಿನ ಪಾರ್ಲಿಮೆಂಟು ಚಟದ ಕುಡುಕರ ಕಾಯಿದೆಯೊಂದನ್ನು ಮಾಡಿತು. ಪರವಾನಗಿ ಪಡೆದ ಆಶ್ರಯಧಾಮಗಳಲ್ಲಿ ಕುಡುಕರು ತಾವಾಗಿ ಬಂದು ಉಳಿದು ಚಿಕಿತ್ಸೆ ಪಡೆಯಬಹುದೆಂಬುದು ಅದರ ಸಾರ. ಆದರೆ ಒಳಗೆ ಹೋಗುವ ಕ್ರಮ ಹೇಗಿತ್ತು? ಅರ್ಜಿದಾರನು ತಾನು ಚಟದ ಕುಡುಕನೆಂದು ಲಿಖಿತವಾಗಿ ಒಪ್ಪಬೇಕು. ಹೌದು, ಇವನು ಕುಡುಕನೇ ಎಂದು ಅವನನ್ನು ಬಲ್ಲ ಇಬ್ಬರು ಘೋಷಣೆ ಬರೆದುಕೊಡಬೇಕು. ಇಬ್ಬರು ಮ್ಯಾಜಿಸ್ಟ್ರೇಟರ ಎದುರಿನಲ್ಲಿ ಸಹಿಯಾಗಬೇಕು. ಒಮ್ಮೆ ಸಹಿ ಮಾಡಿದ ಮೇಲೆ ಒಪ್ಪಿದ ಅವಧಿ ಮುಗಿಯುವ ತನಕ ಹೊರಬರುವಂತಿಲ್ಲ. ಓಡಿಹೋದರೆ ಹಿಡಿದು ತರಲು ವಾರಂಟು ಹೊರಡುತ್ತಿತ್ತು. ಸ್ವಂತ ದುಡ್ಡಿನಲ್ಲಿ, ಸ್ವಂತ ಇಚ್ಛೆಯಿಂದ ಗುಣವಾಗಲು ಹೊರಟ ಗೃಹಸ್ಥನು ಮೊದಲು ನ್ಯಾಯಾಲಯದ ಕಾಗದವಾಗಬೇಕಾಗಿತ್ತು. ಇಷ್ಟೆಲ್ಲ ಬರೆದುಕೊಟ್ಟು ಹೋದವರು ಕೆಲವರೇ ಎಂಬುದರಲ್ಲಿ ಆಶ್ಚರ್ಯವಿಲ್ಲ. 1888ರ ತಿದ್ದುಪಡಿಯು ಕಾಯಿದೆಯ ಹೆಸರಿನಿಂದ 'ಕುಡುಕ' ಎಂಬ ಪದವನ್ನು ತೆಗೆದು 'ಅಮಲುರೋಗಿ' ಎಂಬರ್ಥದ ಮೃದುವಾದ ಪದವನ್ನು ಹಾಕಿತು. ಮ್ಯಾಜಿಸ್ಟ್ರೇಟರ ಸಂಖ್ಯೆ ಎರಡರಿಂದ ಒಂದಕ್ಕೆ ಇಳಿಯಬೇಕಾದರೆ 1898ರವರೆಗೆ ಕಾಯಬೇಕಾಯಿತು. ಅದೇ 1898ರ ಕಾಯಿದೆ, ವರ್ಷದಲ್ಲಿ ನಾಲ್ಕು ಸಲ ಕುಡಿತಕ್ಕಾಗಿ ಶಿಕ್ಷೆಗೊಳಗಾದವರನ್ನು ಬಲವಂತವಾಗಿ ಸುಧಾರಣಾಗೃಹಗಳಿಗೆ ಕಳಿಸುವ ಅಧಿಕಾರವನ್ನೂ ಕೊಟ್ಟಿತು.

ಇದರ ಬಾಲದಲ್ಲಿ ಬಂದದ್ದು 1902ರ ಮದ್ಯ ಪರವಾನಗಿ ಕಾಯಿದೆ. ಚಟದ ಕುಡುಕನೆಂದು ನ್ಯಾಯಾಲಯ ತೀರ್ಮಾನಿಸಿದವರಿಗೆ ಮೂರು ವರ್ಷ ಯಾರೂ ಮದ್ಯ ಮಾರಬಾರದು. ಮಾರಬಾರದೆಂದರೆ ಪಬ್ಬಿನ ಮಾಲೀಕನಿಗೆ ಅವರ ಗುರುತು ಸಿಗಬೇಕಲ್ಲವೆ? ಬರ್ಮಿಂಗ್‌ಹ್ಯಾಮಿನಲ್ಲಿ ಅದಕ್ಕಾಗಿ ಭಾವಚಿತ್ರಗಳ ಪಟ್ಟಿಯೇ ಸಿದ್ಧವಾಯಿತು. ಎದುರಿನಿಂದ ಮತ್ತು ಮಗ್ಗುಲಿನಿಂದ ತೆಗೆದ ಚಿತ್ರ, ಹೆಸರು, ಅಡ್ಡಹೆಸರು, ಕಸುಬು, ಮೈಮೇಲಿನ ಗಾಯದ ಗುರುತು. 1903ರಿಂದ 1906ರವರೆಗಿನ ಆ ಪುಟಗಳು ಇಂದಿಗೂ ಉಳಿದಿವೆ. ವಂಶಾವಳಿ ಹುಡುಕುವವರು ಮನೆಯಲ್ಲೇ ಕುಳಿತು ಅವನ್ನು ಗಣಕದಲ್ಲಿ ನೋಡಬಹುದು. ತನ್ನ ಮುತ್ತಜ್ಜಿ ಯಾರೆಂದು ತಿಳಿಯಲು ಹೊರಟ ಮರಿಮಗಳಿಗೆ ಮುತ್ತಜ್ಜಿ ಮೊದಲು ಸಿಗುವುದು ಈ ಪಟ್ಟಿಯಲ್ಲಿರಬಹುದು. ಆಕೆ ಮುಂದೆ ಕುಡಿತ ಬಿಟ್ಟಳೋ ಇಲ್ಲವೋ ಎಂಬುದನ್ನು ಬರೆಯಲು ಆ ಪುಟದಲ್ಲಿ ಜಾಗವೇ ಇರಲಿಲ್ಲ.

ಚಿಕಿತ್ಸೆಗೆ ಬಂದವನ ಕಾಗದಕ್ಕೆ ರಕ್ಷಣೆ ಬೇಕೆಂಬ ಮಾತು ಕಾನೂನಿನಲ್ಲಿ ಸ್ಪಷ್ಟವಾಗಿ ಬಂದದ್ದು ಅಟ್ಲಾಂಟಿಕಿನ ಆಚೆ. ಅಮೆರಿಕದಲ್ಲಿ 1914ರ ಹ್ಯಾರಿಸನ್ ಕಾಯಿದೆಯ ನಂತರ ಅಫೀಮು, ಮಾರ್ಫೀನ್‌ಗಳ ಚಟವುಳ್ಳವರು ಸೆರೆಮನೆಗಳನ್ನು ತುಂಬತೊಡಗಿದರು. ಅವರಿಗಾಗಿ ಬೇರೆ ಸಂಸ್ಥೆಗಳನ್ನು ಕಟ್ಟಬೇಕೆಂದು 1929ರಲ್ಲಿ ಪೋರ್ಟರ್ ಕಾಯಿದೆ ಬಂತು. ಅದರ ಫಲವಾಗಿ 1935ರ ಮೇ ತಿಂಗಳಿನಲ್ಲಿ ಕೆಂಟಕಿಯ ಲೆಕ್ಸಿಂಗ್ಟನ್ ಬಳಿ, ಸುಮಾರು 1,000 ಎಕರೆ ಹೊಲದ ನಡುವೆ, 'ನಾರ್ಕೋಟಿಕ್ ಫಾರ್ಮ್' ತೆರೆಯಿತು. ಅದರ ಮೊದಲ ಮುಖ್ಯಸ್ಥರು ಡಾ. ಲಾರೆನ್ಸ್ ಕೋಲ್ಬ್. ಅದು ಅರ್ಧ ಸೆರೆಮನೆ, ಅರ್ಧ ಆಸ್ಪತ್ರೆ. ಶಿಕ್ಷೆಯಾಗಿ ಬಂದ ಕೈದಿಗಳೂ ತಾವಾಗಿ ಬಂದವರೂ ಒಂದೇ ಸೂರಿನ ಕೆಳಗಿದ್ದರು.

ತಾವಾಗಿ ಬಂದವರ ವಿಷಯದಲ್ಲಿ ಕಾಯಿದೆ ಒಂದು ಭರವಸೆ ಕೊಟ್ಟಿತ್ತು. ಅವರ ನಾಗರಿಕ ಹಕ್ಕುಗಳಿಗೆ ಕುಂದು ಬಾರದು. ಅವರು ಚಿಕಿತ್ಸೆ ಪಡೆದ ಸಂಗತಿಯನ್ನು ಯಾವ ನ್ಯಾಯಾಲಯದಲ್ಲಿಯೂ ಅವರ ವಿರುದ್ಧ ಬಳಸುವಂತಿಲ್ಲ. ಅವರ ದಾಖಲೆಯನ್ನು ಹೊರಗೆಡಹುವಂತಿಲ್ಲ. ಇಂಗ್ಲೆಂಡಿನ ಇಬ್ಬರು ಮ್ಯಾಜಿಸ್ಟ್ರೇಟರಿಂದ ಇಲ್ಲಿಗೆ ಬರಲು ಐವತ್ತು ವರ್ಷ ಹಿಡಿಯಿತು. ಎಂ.ಎ. ತರಗತಿಗಳಲ್ಲಿ ಅಮೆರಿಕನ್ ಸಾಹಿತ್ಯ ಓದಿದ ನಮ್ಮಂಥವರಿಗೆ ವಿಲಿಯಂ ಬರೋಸ್ ಪರಿಚಿತ ಹೆಸರು. ಅವರು 1948ರಲ್ಲಿ ತಾವಾಗಿ ಲೆಕ್ಸಿಂಗ್ಟನ್ನಿಗೆ ಹೋಗಿ ಬಂದವರು. 1953ರಲ್ಲಿ ಪ್ರಕಟವಾದ ತಮ್ಮ 'ಜಂಕಿ' ಕಾದಂಬರಿಯಲ್ಲಿ ಆ ಅನುಭವವನ್ನು ಬರೆದರು. ಆದರೆ ಪುಸ್ತಕದ ಮೇಲೆ ಅವರ ಹೆಸರಿರಲಿಲ್ಲ, 'ವಿಲಿಯಂ ಲೀ' ಎಂದಿತ್ತು. ಆಸ್ಪತ್ರೆ ಕಾಪಾಡಬೇಕಾದ ಹೆಸರನ್ನು ಲೇಖಕ ತಾನೂ ಕಾಪಾಡಿಕೊಳ್ಳಬೇಕಾಗಿತ್ತು.

ಲೆಕ್ಸಿಂಗ್ಟನ್ನಿನ ಕಾಗದಗಳು ಗೋಪ್ಯವಾಗಿದ್ದರೂ ಬಡವಾಗಿರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಡಾ. ಕ್ಲಿಫ್ಟನ್ ಹಿಮ್ಮೆಲ್ಸ್‌ಬಾಕ್ ಎಂಬ ವೈದ್ಯರು 1930ರ ದಶಕದಲ್ಲಿ ಅಲ್ಲಿ ಕೂತು, ಅಫೀಮಿನ ಜಾತಿಯ ಮಾದಕ ವಸ್ತುವನ್ನು ನಿಲ್ಲಿಸಿದಾಗ ದೇಹ ಪಡುವ ಪಾಡನ್ನು ಅಂಕಗಳಲ್ಲಿ ಬರೆಯುವ ಕ್ರಮವೊಂದನ್ನು ರೂಪಿಸಿದರು. ಆಕಳಿಕೆ, ಕಣ್ಣೀರು, ಮೂಗು ಸೋರುವುದು, ಬೆವರು, ಮೈ ಜುಮ್ಮೆನ್ನುವುದು, ನಡುಕ, ಜ್ವರ, ವಾಂತಿ, ಪ್ರತಿಯೊಂದಕ್ಕೂ ಇಷ್ಟಿಷ್ಟು ಅಂಕ. ಅದುವರೆಗೆ 'ನಾಟಕ' ಎಂದು ಬೈಸಿಕೊಳ್ಳುತ್ತಿದ್ದ ಸಂಕಟ ಮೊದಲ ಬಾರಿಗೆ ತಖ್ತೆಯೊಳಗೆ ಬಂದು ರೋಗಲಕ್ಷಣವೆನಿಸಿಕೊಂಡಿತು. ಅದೇ ಸಂಸ್ಥೆಯಲ್ಲಿ ಕೈದಿಗಳ ಮೇಲೆ ಮಾದಕ ವಸ್ತುಗಳ ಪ್ರಯೋಗಗಳೂ ನಡೆದವು, 1975ರಲ್ಲಿ ಸೆನೆಟ್ಟಿನ ವಿಚಾರಣೆಯಲ್ಲಿ ಅವು ಚರ್ಚೆಗೂ ಬಂದವು ಎಂಬುದನ್ನು ಮರೆಯಬಾರದು. ಸೆರೆಯಲ್ಲಿದ್ದವನ ಒಪ್ಪಿಗೆ ಕಾಗದದ ಮೇಲಿದ್ದ ಮಾತ್ರಕ್ಕೆ ಅದು ಒಪ್ಪಿಗೆಯಾಗುವುದಿಲ್ಲ.

ದಾಖಲೆಯ ಇನ್ನೊಂದು ಉಪಕಾರ ಕಾಲ ಕಳೆದ ಮೇಲೆ ತಿಳಿಯಿತು. 1950ರ ದಶಕದಲ್ಲಿ ಲೆಕ್ಸಿಂಗ್ಟನ್ನಿನಿಂದ ಬಿಡುಗಡೆಯಾಗಿ ನ್ಯೂಯಾರ್ಕಿಗೆ ಮರಳಿದ ಸುಮಾರು 1,900 ಮಂದಿಯನ್ನು ಹಂಟ್ ಮತ್ತು ಓಡೊರಾಫ್ ಎಂಬವರು ಹಿಂಬಾಲಿಸಿ ನೋಡಿದರು. ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಮಂದಿ ಚಟಕ್ಕೆ ಮರಳಿದ್ದರು, ಬಹುಪಾಲು ಆರು ತಿಂಗಳೊಳಗೆ. ಈ ಅಂಕಿಯನ್ನು ಓದಿದ ಯಾರಾದರೂ ಇಂಥ ಚಿಕಿತ್ಸೆ ವ್ಯರ್ಥವೆಂದೇ ಹೇಳಿಯಾರು, ಹಲವರು ಹೇಳಿದರೂ ಹೌದು. ಆದರೆ ಮನೋವೈದ್ಯ ಜಾರ್ಜ್ ವೈಲಂಟ್ 1952-53ರಲ್ಲಿ ಅಲ್ಲಿ ದಾಖಲಾಗಿದ್ದ ನ್ಯೂಯಾರ್ಕಿನ ನೂರು ಗಂಡಸರನ್ನು ಹನ್ನೆರಡು ವರ್ಷ ಬೆನ್ನುಹತ್ತಿದರು. ಆಸ್ಪತ್ರೆಯ, ಸೆರೆಮನೆಯ, ಪೊಲೀಸರ ಕಾಗದಗಳನ್ನು ಜೋಡಿಸಿ ನೋಡಿದಾಗ ಬೇರೆಯದೇ ಚಿತ್ರ ಮೂಡಿತು. ಹೆಚ್ಚಿನವರು ಮೊದಲು ಮರಳಿ ಬಿದ್ದಿದ್ದರು ನಿಜ. ಆದರೆ ಹನ್ನೆರಡು ವರ್ಷಗಳ ಕೊನೆಗೆ ಅರ್ಧಕ್ಕೆ ಹತ್ತಿರದಷ್ಟು ಮಂದಿ ಚಟವಿಲ್ಲದೆ ಊರಿನಲ್ಲಿ ಬಾಳುತ್ತಿದ್ದರು. ಆರು ತಿಂಗಳ ದಾಖಲೆ ಸೋಲನ್ನು ತೋರಿಸಿತ್ತು, ಹನ್ನೆರಡು ವರ್ಷದ ದಾಖಲೆ ಮನುಷ್ಯನನ್ನು ತೋರಿಸಿತು. ಮರಳಿ ಬೀಳುವುದು ಕೊನೆಯಲ್ಲ, ಗುಣವಾಗುವ ದಾರಿಯಲ್ಲಿ ಬರುವ ಒಂದು ತಿರುವೂ ಆಗಿರಬಹುದು ಎಂದು ಇಂದು ಯಾವ ಆಪ್ತಸಲಹೆಗಾರರು ಧೈರ್ಯ ಹೇಳಿದರೂ ಆ ಧೈರ್ಯದ ಹಿಂದೆ ಹೀಗೆ ತಾಳ್ಮೆಯಿಂದ ಕಾಪಿಟ್ಟ ಹಾಳೆಗಳಿವೆ.

ಹಾಗಾದರೆ ದಾಖಲೆಯನ್ನೇ ಇಡದೆ ಹೋದರೆ? ಅದಕ್ಕೂ ಚರಿತ್ರೆಯಲ್ಲಿ ಉದಾಹರಣೆಯಿದೆ. ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ 1934ರ ಡಿಸೆಂಬರಿನಲ್ಲಿ ಟೌನ್ಸ್ ಆಸ್ಪತ್ರೆಯಲ್ಲಿ ಕೊನೆಯ ಬಾರಿ ದಾಖಲಾಗಿ, ಡಾ. ಸಿಲ್ಕ್‌ವರ್ತ್ ಅವರ ಆರೈಕೆಯಲ್ಲಿ ಗುಣವಾಗಿ ಹೊರಬಂದರು. ಮರುವರ್ಷ, ಲೆಕ್ಸಿಂಗ್ಟನ್ ತೆರೆದ ತಿಂಗಳೊಪ್ಪತ್ತಿನಲ್ಲೇ, ಆಕ್ರನ್ ನಗರದ ವೈದ್ಯ ಡಾ. ಬಾಬ್ ಅವರೊಡನೆ ಸೇರಿ ಅವರು ಆರಂಭಿಸಿದ್ದೇ ಮುಂದೆ 'ಆಲ್ಕೋಹಾಲಿಕ್ಸ್ ಅನಾನಿಮಸ್' ಆಯಿತು. ಅಲ್ಲಿ ಹಾಜರಿ ಪುಸ್ತಕವಿಲ್ಲ, ಮನೆತನದ ಹೆಸರಿಲ್ಲ. ಅನಾಮಿಕತೆಯೇ ಆ ಸಂಘದ ಹೆಸರು. ನಾಚಿಕೆಯಿಂದ ಬಾಗಿಲವರೆಗೂ ಬಾರದ ಲಕ್ಷಾಂತರ ಮಂದಿಯನ್ನು ಆ ಒಂದು ಪದ ಒಳಗೆ ಕರೆತಂದಿತು. ಆದರೆ ಅದರ ಬೆಲೆಯೂ ಇತ್ತು. ಹಾಜರಿಯಿಲ್ಲದ ಕಡೆ ಎಷ್ಟು ಮಂದಿ ಬಂದರು, ಎಷ್ಟು ಮಂದಿ ಉಳಿದರು, ಯಾರು ಯಾವಾಗ ಕಾಣೆಯಾದರು ಎಂಬುದನ್ನು ಹೇಳುವುದು ಕಷ್ಟ.

ಮೇಲಾಗಿ, ಸಂಘದ ಸಭೆಯಲ್ಲಿ ಸಾಧ್ಯವಾದದ್ದು ವಾಸದ ಚಿಕಿತ್ಸಾಲಯದಲ್ಲಿ ಸಾಧ್ಯವಿಲ್ಲ. ವರ್ಷಾನುಗಟ್ಟಲೆ ಕುಡಿದವನು ಒಮ್ಮೆಗೇ ನಿಲ್ಲಿಸಿದಾಗ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಮೈ ನಡುಗಿ, ಬುದ್ಧಿ ಕದಡಿ, ಇಲ್ಲದ್ದು ಕಾಣುವ ಸನ್ನಿಯೂ ಬರಬಹುದು. ಇದು ಪ್ರಾಣಕ್ಕೆ ಎರವಾಗಬಲ್ಲದು. ಆದ್ದರಿಂದ ದಾಖಲಾತಿಯ ಮೊದಲ ಪುಟದಲ್ಲಿ ಕೇಳುವ ಪ್ರಶ್ನೆ 'ಯಾಕೆ ಕುಡಿದೆ' ಎಂದಲ್ಲ, 'ಕೊನೆಯ ಸಲ ಕುಡಿದದ್ದು ಯಾವಾಗ, ಎಷ್ಟು, ಹಿಂದೆ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೆ' ಎಂದು. ರಾತ್ರಿಪಾಳಿಯ ದಾದಿ ಬೆಳಗಿನವರಿಗೆ ಬರೆದಿಡುವ ನಾಡಿ, ರಕ್ತದೊತ್ತಡ, ನಡುಕದ ಟಿಪ್ಪಣಿಯೇ ಆ ನಾಲ್ಕು ದಿನ ರೋಗಿಯನ್ನು ಕಾಯುವ ಕಣ್ಣು. ಈ ಕಡತದಲ್ಲಿ ಸುಳ್ಳು ಸೇರಿದರೆ, ಅಥವಾ ಭಯದಿಂದ ರೋಗಿ ಅರ್ಧವನ್ನೇ ಹೇಳಿದರೆ, ಅಪಾಯ ಅವನಿಗೇ. ಸತ್ಯ ಹೇಳಬೇಕಾದರೆ ಹೇಳಿದ್ದು ಹೊರಗೆ ಹೋಗದೆಂಬ ನಂಬಿಕೆ ಇರಬೇಕು. ಗೋಪ್ಯತೆಯೆಂಬುದು ಇಲ್ಲಿ ಬರಿಯ ಮರ್ಯಾದೆಯ ಮಾತಲ್ಲ, ಔಷಧದ ಒಂದು ಭಾಗ.

ಈ ತತ್ತ್ವ ನಿಜವಾದ ಪರೀಕ್ಷೆಗೆ ನಿಂತದ್ದು 1972ರ ನ್ಯೂಯಾರ್ಕಿನಲ್ಲಿ. ಆ ವರ್ಷ ಮ್ಯಾನ್‌ಹಟನ್ನಿನಲ್ಲಿ ಒಂದು ಕೊಲೆ ನಡೆಯಿತು. ಗುಂಡು ಹಾರಿಸಿದವನನ್ನು ತಾನು ಚಿಕಿತ್ಸೆ ಪಡೆಯುವ ಮೆಥಡೋನ್ ಚಿಕಿತ್ಸಾಲಯದಲ್ಲಿ ನೋಡಿದ್ದೇನೆಂದು ಸಾಕ್ಷಿಯೊಬ್ಬಳು ಹೇಳಿದಳು. ಅದು ವಾಸದ ಕೇಂದ್ರವಲ್ಲ, ನಿತ್ಯ ಬಂದು ಔಷಧ ತೆಗೆದುಕೊಂಡು ಹೋಗುವ ಜಾಗ. ಒಬ್ಬರ ಔಷಧ ಮತ್ತೊಬ್ಬರ ಪಾಲಾಗದಿರಲೆಂದು ಪ್ರತಿ ರೋಗಿಯ ಭಾವಚಿತ್ರ ಅಲ್ಲಿನ ಕಡತದಲ್ಲಿತ್ತು. ಸರ್ಕಾರಿ ವಕೀಲರು 21ರಿಂದ 35 ವಯಸ್ಸಿನ ಕಪ್ಪು ಗಂಡಸರ ಚಿತ್ರಗಳೆಲ್ಲವನ್ನೂ ಒಪ್ಪಿಸುವಂತೆ ಸಮನ್ಸು ಕಳಿಸಿದರು. ನಗರದ ಮೆಥಡೋನ್ ಕಾರ್ಯಕ್ರಮದ ನಿರ್ದೇಶಕ ಡಾ. ರಾಬರ್ಟ್ ನ್ಯೂಮನ್ ಒಪ್ಪಲಿಲ್ಲ. ಒಬ್ಬನನ್ನು ಹುಡುಕಲು ಅಷ್ಟೂ ಮಂದಿಯ ಮುಖಗಳನ್ನು ಪೊಲೀಸರ ಮುಂದೆ ಹರಡುವುದೆಂದರೆ, ಚಿಕಿತ್ಸೆಗೆ ಬಂದದ್ದೇ ಸಂಶಯಕ್ಕೆ ಕಾರಣವೆಂದು ಎಲ್ಲರಿಗೂ ಸಾರಿದಂತೆ. ನ್ಯಾಯಾಂಗ ನಿಂದನೆಗಾಗಿ ಅವರಿಗೆ 30 ದಿನಗಳ ಸಜೆಯಾಯಿತು. ಅವರು ಮೇಲ್ಮನವಿ ಹೋದರು. 1973ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ, 1970ರ ಮಾದಕ ವಸ್ತುಗಳ ಕಾಯಿದೆ ಕೊಟ್ಟ ರಕ್ಷಣೆ ಗಟ್ಟಿಯಾದದ್ದೆಂದು ತೀರ್ಮಾನಿಸಿ ವೈದ್ಯರ ಪರ ನಿಂತಿತು.

ಒಂದು ಕೊಲೆಯ ತನಿಖೆ ಮುಖ್ಯವಲ್ಲವೆ ಎಂದು ಓದುಗರು ಕೇಳಬಹುದು. ಮುಖ್ಯವೇ. ಸತ್ತವನ ಮನೆಯವರ ಕಡೆಯಿಂದ ನೋಡಿದರೆ ಈ ತೀರ್ಪು ಕಹಿಯಾದದ್ದು, ಅದನ್ನು ಮುಚ್ಚಿಡಬಾರದು. ಆ ಕಹಿಗೆ ಉತ್ತರವೆಂಬಂತೆ ಅಮೆರಿಕದ ಕಾನೂನು ಮುಂದೆ ಒಂದು ನಡುದಾರಿಯನ್ನು ಹಿಡಿಯಿತು. 1970ರ ಮದ್ಯವ್ಯಸನ ಕಾಯಿದೆ ಮತ್ತು 1972ರ ಮಾದಕ ವ್ಯಸನ ಕಾಯಿದೆಗಳ ಆಧಾರದಲ್ಲಿ 1975ರಲ್ಲಿ ನಿಯಮಗಳು ಹೊರಬಂದವು. ಮದ್ಯವ್ಯಸನ ಕಾಯಿದೆಯನ್ನು ತಂದ ಸೆನೆಟರ್ ಹೆರಾಲ್ಡ್ ಹ್ಯೂಸ್ ಸ್ವತಃ ಕುಡಿತದಿಂದ ಬಿಡಿಸಿಕೊಂಡು ಬಂದವರು. ರೋಗಿಯ ಲಿಖಿತ ಒಪ್ಪಿಗೆಯಿಲ್ಲದೆ ದಾಖಲೆ ಹೊರಹೋಗದು, ಅನಿವಾರ್ಯವಾದರೆ ನ್ಯಾಯಾಧೀಶರು ಎರಡೂ ಕಡೆಯ ಹಿತವನ್ನು ತೂಗಿ ಆದೇಶ ಕೊಡಬೇಕು ಎಂಬುದು ಅವುಗಳ ತಿರುಳು. 'ಇಂಥವರು ನಿಮ್ಮಲ್ಲಿದ್ದಾರೆಯೆ' ಎಂದು ಯಾರಾದರೂ ದೂರವಾಣಿ ಮಾಡಿದರೆ, ಇದ್ದಾರೆಂದಾಗಲಿ ಇಲ್ಲವೆಂದಾಗಲಿ ತಿಳಿಯದಂತೆ ಉತ್ತರಿಸಬೇಕು. ಆ ನಿಯಮಗಳನ್ನು ಹಲವು ಬಾರಿ, ಕೊನೆಗೆ 2024ರಲ್ಲಿ, ತಿದ್ದಲಾಗಿದೆ. ಬೇರೆ ವೈದ್ಯರಿಗೆ ಮಾಹಿತಿ ಸಿಗದೆ ರೋಗಿಗೇ ತೊಂದರೆಯಾಗುತ್ತದೆಂಬ ವಾದವೂ ಆ ತಿದ್ದುಪಡಿಗಳ ಹಿಂದಿದೆ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ವ್ಯಸನದ ದಾಖಲೆಯೆಂದರೆ ಮೊದಲು ನೆನಪಾಗುವುದು ಚಿಕಿತ್ಸೆಯಲ್ಲ, ಪರವಾನಗಿ. 1949ರ ಬಾಂಬೆ ಪಾನನಿಷೇಧ ಕಾಯಿದೆಯ ಕೆಳಗೆ ಆರೋಗ್ಯದ ಕಾರಣಕ್ಕೆ 'ಪರ್ಮಿಟ್' ಪಡೆಯುವ ವ್ಯವಸ್ಥೆಯನ್ನು ಮುಂಬಯಿಯ ಹಿರಿಯ ಕನ್ನಡಿಗರು ಇಂದಿಗೂ ನಗುತ್ತ ಹೇಳುತ್ತಾರೆ. ವಾಸದ ಚಿಕಿತ್ಸೆ ಬೇರೂರಿದ್ದು 1980ರ ದಶಕದಲ್ಲಿ. ಚೆನ್ನೈನಲ್ಲಿ 1980ರಲ್ಲಿ ಶಾಂತಿ ರಂಗನಾಥನ್ ಅವರು ಆರಂಭಿಸಿದ ಟಿ.ಟಿ. ರಂಗನಾಥನ್ ಸಂಶೋಧನಾ ಪ್ರತಿಷ್ಠಾನ, ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿಗಳು ಪು.ಲ. ದೇಶಪಾಂಡೆಯವರ ನೆರವಿನಿಂದ ಕಟ್ಟಿದ ಮುಕ್ತಾಂಗಣ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ, ಇವು ನಮ್ಮ ಬಳಗದ ಊರುಗಳವರಿಗೆಲ್ಲ ತಿಳಿದ ಹೆಸರುಗಳು.

ನಮ್ಮ ಕಾನೂನಿನಲ್ಲಿ ಒಂದು ವಿಚಿತ್ರ ಗಂಟಿದೆ. 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮಿನ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನನ್ನು ಶಿಕ್ಷೆಗೆ ಗುರಿಪಡಿಸುವಂತಿಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಆ ರಕ್ಷಣೆ ಹಿಂದೆಗೆಯಬಹುದು. ಅಂದರೆ ಲೋಕದಿಂದ ಮರೆಮಾಡಬೇಕಾದ ಅದೇ ಕಡತವನ್ನು ನ್ಯಾಯಾಲಯದಲ್ಲಿ ತೆರೆದು ತೋರಿಸಿದರೆ ಮಾತ್ರ ಅವನಿಗೆ ಬಿಡುಗಡೆ. ಕೇಂದ್ರದ ಗುಮಾಸ್ತನು ಬಿಡುಗಡೆಯ ದಿನಾಂಕವನ್ನು ತಪ್ಪಾಗಿ ಬರೆದರೆ ಒಬ್ಬ ಹುಡುಗನ ಭವಿಷ್ಯವೇ ತಪ್ಪಿಹೋಗಬಹುದು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಅಸ್ವಸ್ಥತೆಯೊಳಗೆ ಸೇರಿಸಿತು. ಅದರ 23ನೆಯ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕೆಂದಿತು. 25ನೆಯದು ತನ್ನ ಮೂಲ ವೈದ್ಯಕೀಯ ದಾಖಲೆಯನ್ನು ತಾನೇ ನೋಡುವ ಹಕ್ಕನ್ನು ಕೊಟ್ಟಿತು. ಹಾಳೆ ಯಾರದೆಂಬ ಪ್ರಶ್ನೆಗೆ ನಮ್ಮ ಕಾನೂನು ಕೊಟ್ಟ ಉತ್ತರವೆಂದು ಇದನ್ನು ತಿಳಿಯಬಹುದು. ಆದರೆ ನಮ್ಮ ಚಿಕಿತ್ಸಾಲಯಗಳ ಕಡತದಲ್ಲಿ ರೋಗಿಯೊಬ್ಬನೇ ಇರುವುದಿಲ್ಲ. ಕುಟುಂಬವೂ ಇರುತ್ತದೆ. ಹೆಂಡತಿ ಅಳುತ್ತ ಹೇಳಿದ ಮಾತು, ಮಗ ಅಪ್ಪನ ಬಗ್ಗೆ ತಗ್ಗಿದ ದನಿಯಲ್ಲಿ ಹೇಳಿದ ಸಂಗತಿ ಅದರಲ್ಲಿರುತ್ತವೆ. ನಾಳೆ ರೋಗಿ ತನ್ನ ಕಡತವನ್ನು ಕೇಳಿ ಓದಿದರೆ ಮನೆಯಲ್ಲಿ ಏನಾದೀತು? ಇತರರಿಗೆ ಹಾನಿಯಾಗುವಂತಿದ್ದರೆ ಅಷ್ಟು ಭಾಗವನ್ನು ತಡೆಹಿಡಿಯಬಹುದೆಂದು ಅದೇ ಕಲಮು ಹೇಳುತ್ತದೆ. ಯಾವ ಮಾತನ್ನು ಯಾವ ಪುಟದಲ್ಲಿ ಬರೆಯಬೇಕು, ಯಾವುದನ್ನು ಬರೆಯದೆ ಮನಸ್ಸಿನಲ್ಲಿಡಬೇಕು ಎಂಬ ವಿವೇಕ ಮಾತ್ರ ಲೇಖನಿ ಹಿಡಿದ ಆಪ್ತಸಲಹೆಗಾರರದೇ.

ನಮ್ಮ ಸಹೋದ್ಯೋಗಿಯ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಅವರು ಕೊನೆಗೂ ಹೋದರು. ಒಂದು ವರ್ಷ ತಡವಾಗಿ, ಬೇರೊಂದು ಊರಿಗೆ, ಗಳಿಕೆ ರಜೆ ಹಾಕಿ. ಅರ್ಜಿಯಲ್ಲಿ ಕಾರಣದ ಎದುರು 'ಗೃಹಕೃತ್ಯ' ಎಂದು ಬರೆದರು. ವೈದ್ಯಕೀಯ ರಜೆ ಬಾಕಿಯಿದ್ದರೂ ಮುಟ್ಟಲಿಲ್ಲ, ನ್ಯಾಯವಾಗಿ ಬರಬೇಕಾಗಿದ್ದ ಖರ್ಚಿನ ಹಣವನ್ನೂ ಕೇಳಲಿಲ್ಲ. ಆ ಒಂದು ವರ್ಷದಲ್ಲಿ ಅವರ ಯಕೃತ್ತು ತೆತ್ತದ್ದು ಎಷ್ಟೆಂದು ಅವರ ಮನೆಯವರಿಗೆ ಗೊತ್ತು. ಬಂದ ಮೇಲೆ ಎರಡು ಸಲ ಮರಳಿ ಬಿದ್ದರು, ಎರಡು ಸಲವೂ ಎದ್ದರು. ಈಗ ನಿವೃತ್ತರಾಗಿ, ಬೆಳಿಗ್ಗೆ ನಡೆದಾಡಿ ಬಂದು, ಮೊಮ್ಮಗಳಿಗೆ ಕನ್ನಡದ ಕಾಗುಣಿತ ಕಲಿಸುತ್ತಿದ್ದಾರೆ. ಈ ಪ್ರಬಂಧವನ್ನು ಅವರಿಗೆ ಓದಿ ತೋರಿಸಿದೆವು. "ಊರಿನ ಹೆಸರು ತೆಗೀರಿ, ಉಳಿದದ್ದು ಇರಲಿ" ಎಂದರು. ತೆಗೆದಿದ್ದೇವೆ.

ಇದನ್ನು ಓದುವವರಲ್ಲಿ ಅನೇಕರು ನಮ್ಮ ಹಾಗೆಯೇ ಕಚೇರಿ, ಬ್ಯಾಂಕು, ಶಾಲೆಗಳಲ್ಲಿ ಇನ್ನೊಬ್ಬರ ಕಾಗದವನ್ನು ಮುಂದಿನ ಮೇಜಿಗೆ ದಾಟಿಸುವವರು. ನಾವೀಗ ಒಂದು ಸಣ್ಣ ರೂಢಿ ಮಾಡಿಕೊಂಡಿದ್ದೇವೆ. ಯಾರದೇ ವೈದ್ಯಕೀಯ ಪ್ರಮಾಣಪತ್ರ ನಮ್ಮ ಮೇಜಿಗೆ ಬಂದರೆ ದಿನಾಂಕ ಮತ್ತು ಸಹಿಯನ್ನು ಮಾತ್ರ ನೋಡಿ, ಲಕೋಟೆಯಲ್ಲಿಟ್ಟು, ಅಂಟು ಹಚ್ಚಿ, ಮೇಲೆ 'ಗೋಪ್ಯ' ಎಂದು ಬರೆದು ಕಳಿಸುತ್ತೇವೆ. ಅದು ಮಂಡಿನೋವಿನ ಪ್ರಮಾಣಪತ್ರವಾದರೂ ಸರಿಯೆ. ಎಲ್ಲ ಲಕೋಟೆಗಳೂ ಒಂದೇ ಥರ ಮುಚ್ಚಿದ್ದರೆ, ಯಾವುದರೊಳಗೆ ಏನಿದೆಯೆಂದು ಯಾರೂ ಊಹಿಸಲಾರರು.